ತಲೆಯಾಡಿಸಿದರೆ ಸರ್ಜನ್‌ಗೆ ಕಾಣುವುದಿಲ್ಲ

ಹನ್ನೊಂದು ವರ್ಷದಿಂದ ಹೃದಯದ ಓಟಿಯಲ್ಲಿ ಸ್ಕ್ರಬ್ ನರ್ಸ್ ಆಗಿದ್ದೇನೆ. ಎದೆಮೂಳೆ ಸೀಳಿ ಮಾಡುವ ಬೈಪಾಸ್‌ನಲ್ಲಿ ನನಗೆ ಮಾತೇ ಬೇಕಿರಲಿಲ್ಲ. ಸರ್ಜನ್ ಕೈ ಚಾಚಿದ ರೀತಿ ನೋಡಿಯೇ ಕತ್ತರಿಯೋ ಫೋರ್ಸೆಪ್ಸೋ ಅಂತ ಗೊತ್ತಾಗುತ್ತಿತ್ತು. ಡಾ ವಿಂಚಿ ಅನ್ನುವ ಆಪರೇಷನ್ ರೋಬೋಟ್ ಬಂದಾಗ ಅದರ ಉಪಕರಣಗಳನ್ನು ಕಲಿತೆ, ತೋಳುಗಳಿಗೆ ಸ್ಟೆರೈಲ್ ಕವರ್ ತೊಡಿಸುವುದನ್ನು ಕಲಿತೆ. ಬಾಯಿ ಬಿಟ್ಟು ಮಾತಾಡುವುದನ್ನೂ ಕಲಿಯಬೇಕು ಅಂತ ಹೊಳೆಯಲೇ ಇಲ್ಲ.

ರೋಬೋಟ್‌ನಿಂದ ಮಾಡುವ ಬೈಪಾಸ್‌ನಲ್ಲಿ ಎಡಗಡೆ ಪಕ್ಕೆಲುಬುಗಳ ನಡುವೆ ಮೂರು ಸಣ್ಣ ತೂತು ಮಾಡುತ್ತಾರೆ. ಎಡ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಬ್ಲಾಕ್ ಆದ ಜಾಗ ದಾಟಿಸಿ ಹೃದಯಕ್ಕೆ ರಕ್ತ ಕೊಡಲು, ಎದೆಗೋಡೆಯ ಒಳಮೈಗೆ ಅಂಟಿಕೊಂಡ ಒಂದು ರಕ್ತನಾಳವನ್ನು ಬಿಡಿಸಬೇಕು. ಅದಕ್ಕೆ ನಾವು ಲೀಮಾ ಅನ್ನುತ್ತೇವೆ. ರಕ್ತ ಬರದ ಹಾಗೆ ಅದರ ಕವಲುಗಳಿಗೆ ಕ್ಲಿಪ್ ಹಾಕುತ್ತಾ ಹೋಗಬೇಕು. ಪ್ರತಿ ಸಲ ಉಪಕರಣ ಹೊರತೆಗೆದು, ಹೊಸ ಕ್ಲಿಪ್ ಕೂರಿಸಿ, ಒಳಗೆ ಬಿಡುವುದು ನನ್ನ ಕೆಲಸ. ಸರ್ಜನ್ ಇರುವುದು ಟೇಬಲ್‌ನಿಂದ ದೂರ, ರೋಬೋಟ್ ನಡೆಸುವ ಕನ್ಸೋಲ್‌ನಲ್ಲಿ ಮುಖ ಇಟ್ಟುಕೊಂಡು. ಅವರಿಗೆ ಕಾಣುವುದು ರೋಗಿಯ ಎದೆಯ ಒಳಗು ಮಾತ್ರ.

ಒಂದು ದಿನ ಅವರು "ಕ್ಲಿಪ್ ರೆಡಿನಾ ಸಿಸ್ಟರ್?" ಅಂದರು. ತಲೆಯಾಡಿಸಿದೆ. ಮತ್ತೆ ಕೇಳಿದರು. ಮತ್ತೆ ತಲೆಯಾಡಿಸಿದೆ. ಕೊನೆಗೆ ಅವರೇ ಕನ್ಸೋಲ್‌ನಿಂದ ತಲೆ ಎತ್ತಿ ನನ್ನತ್ತ ನೋಡಿದರು. ತಲೆ ಎತ್ತಿದರೆ ರೋಬೋಟ್‌ನ ತೋಳುಗಳು ಇದ್ದಲ್ಲೇ ನಿಲ್ಲುತ್ತವೆ. ಅಷ್ಟು ಹೊತ್ತೂ ಒಂದು ಕವಲಿನಿಂದ ರಕ್ತ ಜಿನುಗುತ್ತಲೇ ಇತ್ತು. ಕೆಲವೇ ಸೆಕೆಂಡು, ರೋಗಿಗೆ ಏನೂ ಆಗಲಿಲ್ಲ. ಆದರೆ ಆ ಕೆಂಪು ದೊಡ್ಡ ಸ್ಕ್ರೀನ್ ಮೇಲೆ ಹರಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಬೈಯಲಿಲ್ಲ. "ನನಗೆ ನಿಮ್ಮ ಮುಖ ಕಾಣಲ್ಲ ಸಿಸ್ಟರ್, ಹೇಳಬೇಕು" ಅಂದರು.

ಈಗ ಎಲ್ಲವನ್ನೂ ಹೇಳುತ್ತೇನೆ. "ಕ್ಲಿಪ್ ಹಾಕಿದೆ, ಒಳಗೆ ಬರ್ತಿದೆ ಸರ್." "ಎರಡನೇ ತೋಳು ಭುಜಕ್ಕೆ ತಾಗ್ತಿದೆ ಸರ್." ಈ ಎರಡನೆಯದು ಜಾಸ್ತಿ ಮುಖ್ಯ. ಹೊರಗೆ ಲೋಹದ ತೋಳು ರೋಗಿಯ ಭುಜ ಒತ್ತುತ್ತಿದ್ದರೆ ಕನ್ಸೋಲ್‌ನಲ್ಲಿ ಕೂತವರಿಗೆ ಅದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತ ನಾವೇ ನೋಡಬೇಕು ಅಲ್ವಾ?

ಎಲ್ಲರಿಗೂ ಈ ವಿಧಾನ ಹೊಂದುವುದಿಲ್ಲ. ತುಂಬಾ ಕಡೆ ಬ್ಲಾಕ್ ಇದ್ದರೆ ಎದೆ ತೆರೆಯುವುದೇ ಸರಿ ಅನ್ನುವ ಸಂದರ್ಭ ಬಹಳ. ಹೊಂದಿದವರಿಗೆ ಮಾತ್ರ ದೊಡ್ಡ ಉಪಕಾರ. ಎದೆಮೂಳೆ ಕೂಡಲು 6ರಿಂದ 8 ವಾರ ಕಾಯುವ ಕಷ್ಟ ಇಲ್ಲ.

ನಡುವೆ ಜೋರಾಗಿ ರಕ್ತ ಹರಿದರೆ ಉಪಕರಣ ತೆಗೆದು, ತೋಳು ಬಿಡಿಸಿ, ರೋಬೋಟನ್ನು ಹಿಂದೆ ತಳ್ಳಿ, ತಕ್ಷಣ ಎದೆ ತೆರೆಯಬೇಕು. ಅದಕ್ಕೆ ಗರಗಸ ಯಾವಾಗಲೂ ಟ್ರಾಲಿ ಮೇಲೆ ಸಿದ್ಧ ಇರುತ್ತದೆ. ರೋಗಿ ಇಲ್ಲದಾಗ ಇದನ್ನು ಅಭ್ಯಾಸ ಮಾಡುತ್ತೇವೆ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಕೂಗಿ ಹೇಳಿಯೇ ಮಾಡಬೇಕು. ಒಬ್ಬರ ದನಿ ಕೇಳಿಸದಿದ್ದರೂ ಮತ್ತೆ ಮೊದಲಿಂದ.