ಚುನಾವಣೆ ಗೆದ್ದವರು ನಮ್ಮ ಡೇಟಾಬೇಸ್ ಬದಲಿಸಿದರು

ಟೆಲಿಕಾಂ ಸಾಫ್ಟ್‌ವೇರ್ ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಓದಲು ಕೊಡುವುದು ತಾಂತ್ರಿಕ ಕೈಪಿಡಿಯನ್ನಲ್ಲ, 2013ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ವಿರೋಧ ಪಕ್ಷಗಳ ಮೈತ್ರಿಕೂಟ ಹೊರಡಿಸಿದ ಬ್ರಾಡ್‌ಬ್ಯಾಂಡ್ ನೀತಿಯನ್ನು. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹೊರವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಬಂದವರಿಗೆ ಕ್ಯಾನ್‌ಬೆರಾದ ರಾಜಕೀಯ ಯಾಕೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ.

ಆಗ ನಮ್ಮ ತಂಡ ಅಲ್ಲಿನ ಒಂದು ಇಂಟರ್ನೆಟ್ ಸೇವಾ ಕಂಪನಿಗೆ ಆರ್ಡರ್ ವ್ಯವಸ್ಥೆ ಬರೆಯುತ್ತಿತ್ತು. ಮೆಲ್ಬರ್ನ್‌ನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಹಾಗಾಗಿ ಕತ್ತಲಲ್ಲೇ ಕ್ಯಾಬ್, ಕ್ಯಾಂಟೀನ್ ಬಾಗಿಲು ತೆರೆಯುವ ಮೊದಲೇ ಕೆಲಸ. ಗ್ರಾಹಕ ವಿಳಾಸ ಕೊಟ್ಟರೆ ಅಲ್ಲಿಗೆ ಸರ್ಕಾರ ಕಟ್ಟಿಸುತ್ತಿದ್ದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲದ ಸಂಪರ್ಕ ಸಿಗುತ್ತದೆಯೇ, ಇಲ್ಲವೇ ಎಂದು ಹೇಳಬೇಕಾದದ್ದು ನಮ್ಮ ಪ್ರೋಗ್ರಾಂ.

ಆ ಜಾಲಕ್ಕೆ ಹುಟ್ಟಿನಿಂದಲೇ ರಾಜಕೀಯ ಅಂಟಿಕೊಂಡಿತ್ತು. 2009ರಲ್ಲಿ ಕೆವಿನ್ ರಡ್ ಅವರ ಲೇಬರ್ ಸರ್ಕಾರ 4,300 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದಾಜಿನಲ್ಲಿ ಅದನ್ನು ಘೋಷಿಸಿತು. ಹೆಚ್ಚಿನ ಮನೆಗಳ ಒಳಗಿನವರೆಗೂ ಫೈಬರ್, ದೂರದ ಊರುಗಳಿಗೆ ನಿಸ್ತಂತು ಮತ್ತು ಉಪಗ್ರಹ ಎಂಬುದು ಯೋಜನೆ. 2010ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಗ್ರಾಮೀಣ ಕ್ಷೇತ್ರಗಳ ಪಕ್ಷೇತರರಾದ ಟೋನಿ ವಿಂಡ್ಸರ್ ಮತ್ತು ರಾಬ್ ಓಕ್‌ಶಾಟ್ ಲೇಬರ್‌ಗೆ ಬೆಂಬಲ ಕೊಡಲು ಈ ಜಾಲವೂ ಒಂದು ಮುಖ್ಯ ಕಾರಣವಾಯಿತು. ಕೇಬಲ್ ಮೊದಲು ಯಾವ ಊರಿಗೆ ಹೋಗಬೇಕು ಎಂಬುದನ್ನು ಎಂಜಿನಿಯರುಗಳಷ್ಟೇ ತೀರ್ಮಾನಿಸುತ್ತಾರೆ ಎಂದುಕೊಂಡವರು ಇದನ್ನು ಗಮನಿಸಬೇಕು.

ನಮ್ಮ ಪಾಲಿಗೆ ರಾಜಕೀಯ ಬಂದದ್ದು ಒಂದು ಅಂಕಿಯ ರೂಪದಲ್ಲಿ. ಜಾಲದ ಕಂಪನಿ ಪ್ರತಿ ವಿಳಾಸಕ್ಕೂ ಒಂದು ಸೇವಾ ವರ್ಗ ಕೊಡುತ್ತಿತ್ತು. ಫೈಬರ್ ಪ್ರದೇಶದಲ್ಲಿ 1 ಎಂದರೆ ಸೇವೆ ಕೊಡಬಹುದು, 2 ಎಂದರೆ ಕೇಬಲ್ ಮನೆಯವರೆಗೆ ಎಳೆದಾಗಿದೆ, 3 ಎಂದರೆ ಒಳಗೆ ಜಾಲದ ಸಂಪರ್ಕ ಪೆಟ್ಟಿಗೆಯೂ ಕೂತಿದೆ. ಇವುಗಳ ಜೊತೆ 0 ಕೂಡ ಇತ್ತು: ಫೈಬರ್ ವ್ಯಾಪ್ತಿಯೊಳಗಿದೆ, ಆದರೆ ಈಗ ಆರ್ಡರ್ ತೆಗೆದುಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟುಗಳ ಗೋಳು ಬಹುತೇಕ ಇದೇ. ಕೇಬಲ್ ಕಾಂಪೌಂಡಿನವರೆಗೆ ಬಂದಿರುತ್ತದೆ, ಒಳಗಿನ ಫ್ಲಾಟುಗಳಿಗೆ ಎಳೆದಿರುವುದಿಲ್ಲ. ಪ್ರಗತಿ ವರದಿಯಲ್ಲಿ ಮಾತ್ರ ಅಷ್ಟೂ ಫ್ಲಾಟುಗಳು ಜಾಲ ತಲುಪಿದ ಮನೆಗಳ ಲೆಕ್ಕಕ್ಕೆ ಸೇರುತ್ತಿದ್ದವು. ಊಟದ ಎಲೆ ಹಾಕಿದ ಕೂಡಲೇ ಪಂಕ್ತಿ ಮುಗಿಯಿತು ಎಂದು ಬರೆದುಕೊಂಡ ಹಾಗೆ. ಸಚಿವರ ಅಂಕಿ ಏರಿದಷ್ಟೂ ನಮ್ಮಲ್ಲಿ ತಿರಸ್ಕೃತ ಆರ್ಡರುಗಳ ಸಾಲು ಬೆಳೆಯುತ್ತಿತ್ತು, ಬೈಗುಳ ಕೇಳುತ್ತಿದ್ದವರು ಗ್ರಾಹಕ ಸೇವೆಯ ಹುಡುಗಿಯರು.

ವಿರೋಧ ಪಕ್ಷದ ನೀತಿ ಹೊರಬಂದ ವಾರ ನಮ್ಮ ತಂಡದ ಹಿರಿಯರೊಬ್ಬರು ಅದರ ಮುದ್ರಿತ ಪ್ರತಿ ತಂದು ಮೇಜಿನ ಮೇಲಿಟ್ಟರು. ‘ಸೆಪ್ಟೆಂಬರ್‌ನಲ್ಲಿ ಇವರು ಗೆದ್ದರೆ ನಮ್ಮ ಮುಂದಿನ ಕೆಲಸ ಇದರಲ್ಲಿದೆ, ಓದಿಬಿಡಿ’ ಎಂದರು. 2,950 ಕೋಟಿ ಡಾಲರ್ ಸಾಕು, ಬೀದಿಬದಿಯ ಉಪಕರಣಗಳ ಕಪಾಟಿನವರೆಗೆ, ಅಂದರೆ ಕ್ಯಾಬಿನೆಟ್‌ವರೆಗೆ ಫೈಬರ್, ಅಲ್ಲಿಂದ ಮನೆಗೆ ಹಳೆಯ ಟೆಲಿಫೋನಿನ ತಾಮ್ರದ ತಂತಿಯೇ ಇರಲಿ ಎನ್ನುತ್ತಿತ್ತು ಆ ನೀತಿ. ರಾಜಕಾರಣಿಗೆ ಅದು ಖರ್ಚಿನ ಮಾತು. ನಮಗೆ ಮಾತ್ರ ಬೇರೆಯೇ ಪ್ರಪಂಚ. ತಾಮ್ರದಲ್ಲಿ ಕ್ಯಾಬಿನೆಟ್ ದೂರವಾದಷ್ಟೂ ವೇಗ ಇಳಿಯುತ್ತದೆ, ಹಾಗಾಗಿ ಗ್ರಾಹಕನಿಗೆ ಖಚಿತ ವೇಗದ ಬದಲು ಅಂದಾಜು ಹೇಳಬೇಕು. ಮನೆಯೊಳಗೆ ಜಾಲದ ಪೆಟ್ಟಿಗೆ ಇರುವುದಿಲ್ಲ, ಗ್ರಾಹಕನದೇ ಮೋಡೆಮ್. ಅಂದರೆ ಪೆಟ್ಟಿಗೆ ಅಳವಡಿಸುವ ದಿನ ಗೊತ್ತುಪಡಿಸುವ ಹಂತವೇ ಬೇಡ, ನಮ್ಮ ಪ್ರೋಗ್ರಾಂನಲ್ಲಿ ಆ ಹಂತ ದಾಟದೆ ಆರ್ಡರ್ ಮುಂದಕ್ಕೆ ಹೋಗುತ್ತಿರಲಿಲ್ಲ. ಯಾವ ಮನೆಗೆ ಯಾವ ತಂತ್ರಜ್ಞಾನ ಎಂಬುದನ್ನು ಕೋಡ್‌ನಿಂದ ಕಿತ್ತು ಪ್ರತ್ಯೇಕ ಕೋಷ್ಟಕಕ್ಕೆ ಹಾಕುವ ಕೆಲಸವನ್ನು ಚುನಾವಣೆಗೆ ಮೊದಲೇ ಹಿಡಿದೆವು. ಇದಕ್ಕೆ ಗ್ರಾಹಕ ಕಂಪನಿಯ ಒಪ್ಪಿಗೆ ಪಡೆಯುವುದು ಕೋಡ್ ಬರೆಯುವುದಕ್ಕಿಂತ ಕಷ್ಟವಾಗಿತ್ತು. ಗೆಲ್ಲುವವರು ಯಾರೆಂದು ಬಾಯಿಬಿಟ್ಟು ಹೇಳದೆ ಹಣ ಕೇಳಬೇಕಿತ್ತು.

ಸೆಪ್ಟೆಂಬರ್ 7ರಂದು ಮೈತ್ರಿಕೂಟ ಗೆದ್ದಿತು, ಮಾಲ್ಕಮ್ ಟರ್ನ್‌ಬುಲ್ ಸಂವಹನ ಸಚಿವರಾದರು. ಕಾಲಕ್ರಮದಲ್ಲಿ ಬೀದಿಯ ಕ್ಯಾಬಿನೆಟ್‌ನಿಂದ ತಾಮ್ರದ ತಂತಿ ಬಂದ ಮನೆಗಳಿಗೆ 10ರಿಂದ 13, ಕೇಬಲ್ ಟಿವಿ ತಂತಿಯ ಮನೆಗಳಿಗೆ 20ರ ಸರಣಿ, ಪಾದಚಾರಿ ಮಾರ್ಗದವರೆಗೆ ಫೈಬರ್ ಬಂದ ಮನೆಗಳಿಗೆ 30ರ ಸರಣಿ ಎಂದು ವರ್ಗಗಳು ಬೆಳೆದವು. ಒಂದೇ ಬೀದಿಯ ಆಚೆ ಈಚೆ ಬೇರೆ ಬೇರೆ ವರ್ಗ. ವೆಚ್ಚ ಕೊನೆಗೆ ಸುಮಾರು 5,100 ಕೋಟಿ ಡಾಲರ್ ಮುಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಮೈತ್ರಿಕೂಟದ ಸರ್ಕಾರ, ತಾಮ್ರದ ಮೇಲಿದ್ದ ಲಕ್ಷಾಂತರ ಮನೆಗಳಿಗೆ ಬೇಕೆಂದರೆ ಫೈಬರ್ ಎಳೆದುಕೊಡುವುದಾಗಿ ಪ್ರಕಟಿಸಿತು. ಆಗ ನನಗೆ ನಗು ಬಂದದ್ದು ನಿಜ.

ಈಗ ನಮ್ಮ ದೇಶದ ಗ್ರಾಮೀಣ ಜಾಲಕ್ಕೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. 2011ರಲ್ಲಿ ಒಪ್ಪಿಗೆ ಪಡೆದು 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಹೊತ್ತ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳು. ಮೊದಲ ಒಂದು ಲಕ್ಷ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಬಂದಿತ್ತು. ಒಂದೇ ಸಾಲಿನಲ್ಲಿ ಎಳೆದ ಕೇಬಲನ್ನು ರಸ್ತೆ ಅಗೆಯುವ ಜೆಸಿಬಿ ಕತ್ತರಿಸಿದರೆ ಮುಂದಿನ ಊರುಗಳೆಲ್ಲ ಕತ್ತಲು. 2023ರಲ್ಲಿ ಒಪ್ಪಿಗೆ ಪಡೆದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವ ವರ್ತುಲಾಕಾರದ ಜೋಡಣೆಗೆ ಹೊರಳಿದ್ದು ಸರಿಯಾದ ತೀರ್ಮಾನ, ತಡವಾದದ್ದು ಬೇರೆ ಮಾತು.

ಇಲ್ಲಿಯೂ ಜಗಳ ಎಣಿಕೆಯದೇ. ಪಂಚಾಯಿತಿ ಕಚೇರಿಯಲ್ಲಿ ಪೆಟ್ಟಿಗೆ ಇದೆ, ಅದಕ್ಕೆ ವಿದ್ಯುತ್ ಇಲ್ಲ ಎಂದರೆ ಸಂಪರ್ಕ ಇದೆಯೋ ಇಲ್ಲವೋ? ನಾವು ಮೂರು ದಿನಾಂಕ ಇಟ್ಟೆವು: ಉಪಕರಣ ಅಳವಡಿಸಿದ್ದು, ಕೊನೆಯ ಬಾರಿ ಸಂಕೇತ ಬಂದದ್ದು, ಮೊದಲ ಬಳಕೆದಾರ ಸೇರಿದ್ದು. ಪರಿಶೀಲನಾ ಸಭೆಗೆ ಮೊದಲನೆಯದೊಂದೇ ಸಾಕು ಎಂದರು ಮೇಲಿನವರು. ಪರದೆಯ ಮೇಲೆ ಅದೊಂದನ್ನೇ ತೋರಿಸುತ್ತೇವೆ. ಕೋಷ್ಟಕದಲ್ಲಿ ಮೂರನ್ನೂ ಉಳಿಸಿಕೊಂಡಿದ್ದೇವೆ.