ಹ್ವಾಯ್

ನಾವು ಫಿನ್ಲೆಂಡಿನ ತುರ್ಕುವಿಗೆ ಬಂದು ಆರು ವರ್ಷವಾಯಿತು. ಮಗಳ ಶಾಲೆಯಲ್ಲಿ ಆಟದ ಬಿಡುವಿಗೆ ಟೀಚರ್ ಒಬ್ಬರು ದೂರದಿಂದಲೇ ಎದ್ದು ಕಾಣುವ ವೆಸ್ಟ್ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿರುತ್ತಾರೆ. ಥೇಟ್ ರಸ್ತೆ ಕೆಲಸದವರ ಹಾಗೆ. ಆ ಏರ್ಪಾಡಿನ ಹೆಸರು ‘ಕಿವ’. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಕಿವಿಯಾ? ಮಗುವಿನ ಕಿವಿಗೆ ಎಂತ ಆಯ್ತು?” ಎಂದು ಗಾಬರಿಯಾದರು.

ಫಿನ್ನಿಶ್‌ನಲ್ಲಿ ಕಿವ ಅಂದರೆ ಚೆಂದ, ಒಳ್ಳೆಯದು. ಮಕ್ಕಳು ಮಕ್ಕಳನ್ನೇ ಕಾಡುವುದನ್ನು ತಡೆಯಲು ಇದೇ ಊರಿನ ವಿಶ್ವವಿದ್ಯಾಲಯ 2006ರಲ್ಲಿ ಶುರು ಮಾಡಿದ ಕೆಲಸ. ಅಲ್ಲಿನ ಪ್ರೊಫೆಸರ್ ಕ್ರಿಸ್ಟಿನಾ ಸಾಲ್ಮಿವಲ್ಲಿ ನೋಡಿದ್ದು ಕಾಡುವವನನ್ನು ಮಾತ್ರ ಅಲ್ಲ, ಸುತ್ತ ನಿಂತು ನಗುವವರನ್ನೂ. ಅವನಿಗೆ ಬಲ ಬರುವುದೇ ಅವರಿಂದ.

ಇದನ್ನು ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳುವಾಗ ಮಂಗಳೂರಿನ ನಮ್ಮ ಎಂಟನೇ ಕ್ಲಾಸ್ ನೆನಪಾಯಿತು. ಕುಂದಾಪುರ ಕಡೆಯ ಹುಡುಗನೊಬ್ಬ ಬಂದು ಸೇರಿದ್ದ. ತುಳು ಬಾರದು. ಮೊದಲ ದಿನವೇ ಯಾರನ್ನೋ “ಹ್ವಾಯ್” ಎಂದು ಕರೆದ, ಅವರ ಕಡೆ ಕರೆಯುವುದೇ ಹಾಗೆ. ಅಷ್ಟೇ, ಅದೇ ಅವನ ಹೆಸರಾಯಿತು. ಹಾಜರಿ ಕರೆಯುವಾಗ ಹ್ವಾಯ್, ಬುತ್ತಿ ಬಿಚ್ಚುವಾಗ ಹ್ವಾಯ್, ಬಸ್ಸಿನಲ್ಲೂ ಹ್ವಾಯ್. ಶುರು ಮಾಡಿದವರು ಇಬ್ಬರು. ನಗುತ್ತಿದ್ದವರು ನಲವತ್ತು ಜನ. ನಾನು ಒಂದು ದಿನವೂ ಅವನ ಮೇಲೆ ಕೈ ಮಾಡಿಲ್ಲ. ನಕ್ಕದ್ದು ಮಾತ್ರ ದಿನಾ.

ದಸರಾ ರಜೆ ಮುಗಿದ ಮೇಲೆ ಅವನಿಗೆ ಹೊಟ್ಟೆನೋವು ಸುರುವಾಯಿತು. ಸೋಮವಾರ ಜಾಸ್ತಿ. ಬುತ್ತಿಯ ಅನ್ನ ಹಾಗೇ ವಾಪಸ್. ಲೆಕ್ಕದಲ್ಲಿ ಚುರುಕಿದ್ದವ, ಬೋರ್ಡಿನ ಹತ್ತಿರ ಹೋದರೆ ಚಾಕ್ ಹಿಡಿದ ಕೈ ನಡುಗುತ್ತಿತ್ತು. “ನಾಟಕ” ಎಂದರು ಮಾಷ್ಟ್ರು. ನಾಟಕ ಅಲ್ಲ ಅಂತ ಈಗ ಗೊತ್ತು. ಹೆದರಿಕೆ ಮಕ್ಕಳಲ್ಲಿ ಹೊಟ್ಟೆನೋವು, ತಲೆನೋವು, ನಿದ್ದೆ ಇಲ್ಲದಿರುವುದು, ಹೀಗೆಲ್ಲ ಹೊರಬೀಳುತ್ತದೆ. ನೋವು ನಿಜವೇ. ಹಾಗೇ ಬಿಟ್ಟರೆ ಆತಂಕ, ಖಿನ್ನತೆ ದೊಡ್ಡವರಾದ ಮೇಲೂ ಬೆನ್ನು ಬಿಡದೆ ಇರಬಹುದು.

ಒಂಬತ್ತನೇ ಕ್ಲಾಸಿಗೆ ಅವನು ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ನಾನೂ.

ಕಳೆದ ವಾರ ಉಡುಪಿಯಿಂದ ಅಕ್ಕ ಫೋನ್ ಮಾಡಿದ್ದಳು. ಮಗನಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವಂತೆ. “ಸ್ಕ್ಯಾನಲ್ಲಿ ಎಂತ ಇಲ್ಲ ಮಾರಾಯ. ಶಾಲೆಗೆ ಹೋಗ್ಲಿಕ್ಕೆ ಉದಾಸೀನ, ಅಷ್ಟೇ.”

“ಭಾನುವಾರವೂ ನೋವು ಇರ್ತದಾ?”

“ಇಲ್ಲ.”

14416 ಬರೆದುಕೋ ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಲಿಕ್ಕಿಲ್ಲ. ಆಮೇಲೆ ಆ ಕುಂದಾಪುರದ ಹುಡುಗನ ಕಥೆ ಹೇಳಿದೆ, ನಾನು ನಕ್ಕದ್ದನ್ನೂ ಸೇರಿಸಿ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಇರು, ಅವನಿಗೇ ಕೊಡ್ತೇನೆ” ಎಂದಳು.