ಮಾಳಿಗೆ ಮಣ್ಣು ಬೇರೆ, ಗೋಡೆ ಮಣ್ಣು ಬೇರೆ

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜನ ಮಾಳಿಗೆ ಮನೆಯನ್ನು, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರಿನ ಮನೆಯನ್ನು, ಈ ಬೇಸಿಗೆಯಲ್ಲಿ ಕೆಡವಿದೆವು. ತೊಲೆಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಜೆಸಿಬಿ, ಟ್ರ್ಯಾಕ್ಟರ್ ಎರಡೂ ಗೊತ್ತು ಮಾಡಿದ್ದೆ.

"ಎಲ್ಲಾ ಹಳ್ಳಕ್ಕ ಸುರುವಿ ಬರ್ತೀವ್ರಿ, ಅರ್ಧ ದಿನದ ಕೆಲಸ" ಅಂದ ಡ್ರೈವರ್. ನನಗೂ ಸರಿ ಅನಿಸಿತು.

ಅಷ್ಟರಲ್ಲಿ ದೊಡ್ಡಪ್ಪ ಬಂದು ಜೆಸಿಬಿ ಮುಂದೆ ನಿಂತರು. "ಮೊದಲ ಮಾಳಿಗಿ ಮಣ್ಣು ಇಳಸ್ರಿ. ಗ್ವಾಡಿ ಮಣ್ಣಿನಾಗ ಕೂಡಿಸಬ್ಯಾಡ್ರಿ."

ಮಾಳಿಗೆ ಮೇಲಿದ್ದದ್ದು ಸವಳು ಮಣ್ಣು, ಅಂದರೆ ಕ್ಷಾರದ ಮಣ್ಣು. ನೀರು ಬಿದ್ದರೆ ಅದರ ಸಣ್ಣ ಕಣಗಳು ಬಿಚ್ಚಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮಳೆ ಒಳಗೆ ಇಳಿಯೋದಿಲ್ಲ, ಹುಲ್ಲೂ ಹುಟ್ಟೋದಿಲ್ಲ. ಸೂರಿಗೆ ಬೇಕಾದ ಆ ಗುಣವೇ ಹೊಲಕ್ಕೆ ಕೇಡು. ನಾಲ್ಕು ಆಳು ಬುಟ್ಟಿಯಲ್ಲಿ ಇಳಿಸಿದ ಮಣ್ಣನ್ನು ಪಕ್ಕದ ಮನೆಯವರು ಕೇಳಿ ಒಯ್ದರು. ಮುಂಗಾರಿಗೆ ಮುಂಚೆ ಅವರ ಮಾಳಿಗೆಗೆ ಬೇಕಿತ್ತು.

ಆಮೇಲೆ ಗೋಡೆ. ದೊಡ್ಡಪ್ಪ ಒಂದು ಹೆಂಟೆ ತೆಗೆದು ಬಕೆಟ್ ನೀರಿಗೆ ಹಾಕಿದರು. ಬುಳುಬುಳು ಗುಳ್ಳೆ ಎದ್ದವು. ನೋಡುನೋಡುತ್ತಲೇ ಅಂಚು ಕುಸಿಯಿತು, ಹೆಂಟೆ ಕೆಸರಾಯಿತು. ಮೇಲೆ ಹೊಟ್ಟು ತೇಲಿ ಬಂತು. ಅಜ್ಜ ಕಾಲಲ್ಲಿ ತುಳಿದು ಬೆರೆಸಿದ ಹೊಟ್ಟು! ಬೆರಳಲ್ಲಿ ಎತ್ತಿ ನೋಡಿದೆ, ಇನ್ನೂ ಹಳದಿ ಬಣ್ಣ ಹೋಗಿರಲಿಲ್ಲ. ಸುಡದ ಮಣ್ಣನ್ನು ಎಷ್ಟು ಸಲ ಬೇಕಾದರೂ ನೆನೆಸಿ ಕಟ್ಟಬಹುದು, ಅಲ್ವಾ. ಸುಟ್ಟ ಇಟ್ಟಿಗೆ ಹಾಗೆ ಕರಗೋದಿಲ್ಲ.

ಕಷ್ಟವಾಗಿದ್ದು ಮುಂದಿನ ಗೋಡೆಯಲ್ಲಿ. ಚೆಂದ ಕಾಣಲಿ ಅಂತ ಕೆಲವು ವರ್ಷದ ಹಿಂದೆ ನಾನೇ ಸಿಮೆಂಟ್ ಗಿಲಾವು ಮಾಡಿಸಿದ್ದೆ. ನೆಲದಿಂದ ಏರಿದ ತೇವ ಹೊರಗೆ ಆರದೆ ಒಳಗೇ ಕೂತಿತ್ತು. ಗಿಲಾವು ಕಿತ್ತರೆ ಹಿಂದಿನ ಮಣ್ಣು ಕೈಗೆ ಮೆತ್ತಗೆ ಹತ್ತಿತು. ಅದನ್ನು ನೋಡಿ ತುಂಬಾ ಸಂಕಟವಾಯಿತು. ಸಿಮೆಂಟ್ ಚಕ್ಕೆಗಳನ್ನು ಆರಿಸೋಕೆ ಎರಡು ದಿನ ಹಿಡಿಯಿತು. ಅವನ್ನು ಹೊಸ ಮನೆಯ ಬಚ್ಚಲ ನೆಲದಡಿ ತುಂಬಿದೆವು. ಎಲ್ಲಾ ಹಳ್ಳಕ್ಕೆ ಸುರುವಿದ್ದರೆ ಮೊದಲ ಮಳೆಗೇ ನೀರಿನ ದಾರಿ ಕಟ್ಟುತ್ತಿತ್ತು.

ಗೋಡೆ ಮಣ್ಣಲ್ಲಿ ಅರ್ಧ ಹೊಲಕ್ಕೆ ಹೋಯಿತು. ಉಳಿದದ್ದನ್ನು ದನದ ಕೊಟ್ಟಿಗೆಯ ಗೋಡೆಗೆ ಅಂತ ಅಂಗಳದಲ್ಲೇ ನೆನೆಹಾಕಿದೆವು. ಮೂರನೇ ದಿನ ಹೊಸ ಹೊಟ್ಟು ಚೆಲ್ಲಿ ದೊಡ್ಡಪ್ಪ ಧೋತರ ಎತ್ತಿ ಕಟ್ಟಿದರು. "ಬಾ, ನೀನೂ ತುಳಿ" ಅಂದರು. ಚಪ್ಪಲಿ ಬಿಟ್ಟು ಇಳಿದೆ. ಮಣ್ಣು ತಣ್ಣಗಿತ್ತು.